ಲೆಕ್ಕಕ್ಕೆ ಸಿಕ್ಕ ವೈರಾಣು, ಲೆಕ್ಕಕ್ಕಿಲ್ಲದ ರೋಗಿ

ಒಂಟೆಗಳಿಂದ ಮನುಷ್ಯರಿಗೆ ಹರಡುವ ಮರ್ಸ್ ರೋಗ 2013ರಲ್ಲಿ ಕುವೈತಿನಲ್ಲೂ ಕಾಣಿಸಿಕೊಂಡಿತು. ರೋಗಿಗಳು ವಿರಳ, ಹಾಗಾಗಿ ಔಷಧ ಮಾರುಕಟ್ಟೆಗೆ ಲಾಭವೂ ವಿರಳ. ಆದರೂ ವಿಜ್ಞಾನಿಗಳು ಆ ವೈರಾಣುವಿನ ಮುಳ್ಳು ಪ್ರೋಟೀನಿನ ರಚನೆಯನ್ನು ಬಿಡಿಸಿ ನೋಡಿದರು. ಎರಡು ಕಡೆ ಪ್ರೋಲಿನ್ ಕೂರಿಸಿ ಅದನ್ನು ಸ್ಥಿರಗೊಳಿಸಿದರು. 2017ರಲ್ಲಿ ಪ್ರಕಟವಾದ ಆ ಉಪಾಯವೇ ಮುಂದೆ ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಿಗೆ ಒದಗಿತು.

ಇಂದು ಆಲ್ಫಾಫೋಲ್ಡ್ ಪ್ರೋಟೀನಿನ ಆಕಾರವನ್ನು ಕೆಲವೇ ಗಂಟೆಗಳಲ್ಲಿ ಊಹಿಸಬಲ್ಲದು. ಊಹೆ ಔಷಧವಾಗಲು ಪ್ರಯೋಗಾಲಯ, ಹಣ, ವರ್ಷಗಳು ಬೇಕು. 1957ರಲ್ಲೇ ಗುರುತಿಸಲಾದ ಮಲೆನಾಡಿನ ಮಂಗನ ಕಾಯಿಲೆಗೆ ಇನ್ನೂ ನಿರ್ದಿಷ್ಟ ಔಷಧವಿಲ್ಲ. ಕಾಡಂಚಿನಲ್ಲಿ ಸೌದೆ, ತರಗೆಲೆ ಆರಿಸುವವರು ಮಾರುಕಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ವಿರಳ ರೋಗದ ಅಧ್ಯಯನ ವ್ಯರ್ಥವಲ್ಲವೆಂಬುದಕ್ಕೆ ಮರ್ಸ್ ಸಾಕ್ಷಿಯಾಗಿರುವಾಗ, ಆ ಹೊಣೆಯನ್ನು ಸರ್ಕಾರವೇ ಹೊರಬೇಕು.