ಯಂತ್ರಕ್ಕಿಂತ ಮೊದಲು ಹಲಗೆ

ಬಾಯಿ, ಗಂಟಲಿನ ಅರ್ಬುದಕ್ಕೆ ವಿಕಿರಣ ಚಿಕಿತ್ಸೆ ನೀಡುವ ಮುನ್ನ ವೈದ್ಯರು ದೇಹದ ನಕ್ಷೆಯೊಂದನ್ನು ಸಿದ್ಧಪಡಿಸುತ್ತಾರೆ. ಗಡ್ಡೆಯ ಅಂಚು ಎಲ್ಲಿ ಮುಗಿಯುತ್ತದೆ, ಲಾಲಾಗ್ರಂಥಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸುವ ಕಾರ್ಯವದು. ಗೆರೆ ಒಳಸರಿದರೆ ರೋಗ ಉಳಿದೀತು. ಹೊರಸರಿದರೆ ರೋಗಿಯು ಬಹುಕಾಲ ಒಣಬಾಯಿಯಿಂದ ಬಳಲಿಯಾನು. ತಂಬಾಕು, ಗುಟ್ಕಾಗಳ ಹಾವಳಿ ಇರುವ ನಮ್ಮ ಸೀಮೆಗೆ ಇದು ದೂರದ ಮಾತಲ್ಲ.

ಹಿಂದೆ ನಮ್ಮವರು ಹುಬ್ಬಳ್ಳಿಯ ನವನಗರಕ್ಕೋ ಮಿರಜಕ್ಕೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುತ್ತಿದ್ದರು. 2025ರ ಜನವರಿಯಲ್ಲಿ ರಾಷ್ಟ್ರಪತಿಗಳು ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಇನ್ನು ಪೆಟ್ ಮತ್ತು ಎಂಆರ್‌ಐ ಎರಡೂ ಒಂದಾದ ಯಂತ್ರವೂ ನಮ್ಮಲ್ಲಿಗೆ ಬರಲಿ ಎಂಬ ಆಸೆ ಸಹಜವೇ. ಆದರೆ ಚಿಕಿತ್ಸೆಯ ನಕ್ಷೆಗಾಗಿ ಮೊದಲು ಬೇಕಾದುದು ಅದಲ್ಲವೆಂಬುದು ನನ್ನ ಅಭಿಪ್ರಾಯ.

ಪೆಟ್ ಪರೀಕ್ಷೆಯು ಸಕ್ಕರೆಯಂತಹ ಔಷಧವನ್ನು ಹೀರುವ ಚುರುಕು ಕೋಶಗಳನ್ನು ತೋರುತ್ತದೆ. ಎಂಆರ್‌ಐ ಮೃದು ಅಂಗಾಂಶಗಳನ್ನು ಬಿಡಿಸಿ ತೋರುತ್ತದೆ. ಇವೆರಡನ್ನು ಒಂದೇ ಕೊಳವೆಯೊಳಗೆ ಕೂಡಿಸುವುದು ಸುಲಭವಾಗಿರಲಿಲ್ಲ. ಪೆಟ್‌ನ ಹಳೆಯ ನಿರ್ವಾತ ನಳಿಗೆಗಳು ಬಲವಾದ ಅಯಸ್ಕಾಂತದ ಬಳಿ ಕೆಲಸ ಮಾಡವು. ಅರೆವಾಹಕ ಸಂವೇದಕಗಳು ಬಂದ ಮೇಲೆಯೇ, 2010ರ ಸುಮಾರಿಗೆ, ಇಡೀ ದೇಹವನ್ನು ಏಕಕಾಲಕ್ಕೆ ನೋಡುವ ಯಂತ್ರ ಸಾಧ್ಯವಾಯಿತು. ಇಷ್ಟಾದರೂ ಒಂದು ಕೊರತೆ ಉಳಿಯಿತು. ಸಾಮಾನ್ಯ ಎಂಆರ್‌ಐ ಚಿತ್ರದಲ್ಲಿ ಮೂಳೆಯೂ ಗಾಳಿಯೂ ಕಪ್ಪಾಗಿಯೇ ಕಾಣುವುದರಿಂದ ವಿಕಿರಣದ ಪ್ರಮಾಣವನ್ನು ಲೆಕ್ಕಹಾಕಲು ಸಿಟಿ ಚಿತ್ರವನ್ನಾಗಲಿ, ಎಂಆರ್‌ಐಯಿಂದ ಲೆಕ್ಕಿಸಿ ತೆಗೆದ ಅದರ ಪ್ರತಿರೂಪವನ್ನಾಗಲಿ ಅವಲಂಬಿಸಬೇಕಾಗುತ್ತದೆ.

ಅದಕ್ಕಿಂತ ಸರಳವಾದ, ಆದರೆ ಕಡೆಗಣಿತವಾದ ಸಂಗತಿ ಮಂಚದ್ದು. ಚಿಕಿತ್ಸೆಯ ಮಂಚ ಸಪಾಟು. ಪರೀಕ್ಷೆಯ ಮಂಚ ಸಾಮಾನ್ಯವಾಗಿ ತೊಟ್ಟಿಲಿನಂತೆ ಬಾಗಿರುತ್ತದೆ. ಮುಖಕ್ಕೆ ಅಚ್ಚುಹಾಕಿದ ಪ್ಲಾಸ್ಟಿಕ್ ಮುಖವಾಡ ಎಂಆರ್‌ಐಯ ತಲೆಯ ಸುರುಳಿಯೊಳಗೆ ಹಿಡಿಸುವುದಿಲ್ಲ. ಕತ್ತು ಬೇರೆ ಕೋನದಲ್ಲಿದ್ದಾಗ ತೆಗೆದ ಚಿತ್ರವನ್ನು ಸಿಟಿಯ ಮೇಲೆ ಹೊಂದಿಸಿದರೆ ಗಡ್ಡೆ ಇರುವಲ್ಲಿಂದ ಸರಿದಂತೆ ಕಾಣಬಹುದು. ಲೋಹವಿಲ್ಲದ ಸಪಾಟು ಹಲಗೆ, ಮೇಲೆ ಹೊದಿಸಬಹುದಾದ ಮೃದು ಸುರುಳಿ, ಅದೇ ಮುಖವಾಡ ಇಷ್ಟಿದ್ದರೆ, ಬೇರೆ ಬೇರೆ ಯಂತ್ರಗಳ ಚಿತ್ರಗಳನ್ನೂ ವಿಶ್ವಾಸದಿಂದ ಹೊಂದಿಸಬಹುದು. ಮಕ್ಕಳಲ್ಲಿ ವಿಕಿರಣದ ಪ್ರಮಾಣವನ್ನು ತಗ್ಗಿಸಲು, ಮಿದುಳಿನ ಗಡ್ಡೆಗಳನ್ನು ನೋಡಲು ಜೋಡಿಯಂತ್ರದ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಎರಡನೆಯ ಹೆಜ್ಜೆ.

ಖಾನಾಪುರದ ರೋಗಿಯ ಕಷ್ಟ ಬೇರೆಯೇ ಇದೆ. ಪೆಟ್ ಔಷಧದ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಕಣಕುಂಬಿ, ಜಾಂಬೋಟಿಗಳ ಮಳೆಗಾಲದ ಬಸ್ಸು ತಡವಾದರೆ ಅದು ಕಾಯುವುದಿಲ್ಲ. ಆದ್ದರಿಂದ ಹಿಂದಿನ ರಾತ್ರಿಯೇ ಬೆಳಗಾವಿಗೆ ಬಂದಿರುವುದು ಲೇಸು. ಮಧುಮೇಹಿಗಳು ಸಕ್ಕರೆಯ ಪ್ರಮಾಣವನ್ನು ಮೊದಲೇ ತಿಳಿಸಬೇಕು. ಅದು ಏರಿದ್ದರೆ ಚಿತ್ರ ಮಸುಕಾಗುತ್ತದೆ. ಎಂಆರ್‌ಐ ಕೋಣೆಗೆ ಹೋಗುವಾಗ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮನೆಯವರ ಕೈಗೆ ಕೊಡಲು ಸಂಕೋಚಪಡಬೇಕಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರಂತೂ ಮರೆಯದೆ ಹೇಳಬೇಕು.

ನಕ್ಷೆಯ ನಂತರದ ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ, ವಾರಕ್ಕೆ ಐದು ದಿನ. ಕಾಡಂಚಿನ ಹಳ್ಳಿಯಿಂದ ದಿನವೂ ಬಂದುಹೋಗಲಾರದೆ ನಡುವೆ ನಿಲ್ಲಿಸಿದರೆ ಅತ್ಯುತ್ತಮ ನಕ್ಷೆಯೂ ವ್ಯರ್ಥ. ಬೆಳಗಾವಿಯಲ್ಲಿ ಮನೆಯುಳ್ಳ ಭಕ್ತರು ಆಸ್ಪತ್ರೆಗೆ ಸಮೀಪದ ಒಂದು ಕೋಣೆಯನ್ನು, ಮೆತ್ತನೆಯ ಗಂಜಿಯೂಟದೊಡನೆ, ಅಂತಹ ಒಬ್ಬ ರೋಗಿಗೂ ಅವರ ಜೊತೆಗಾರರಿಗೂ ಆ ಏಳು ವಾರ ಬಿಟ್ಟುಕೊಡಬಹುದೇ ಎಂದು ಯೋಚಿಸಲಿ.