ಬಿಡದಿಯ ಹಸಿರು ಕುಳಗೇರಿ ಕ್ರಾಸ್ ತಲುಪುವುದು ಯಾವಾಗ?

ಹುಬ್ಬಳ್ಳಿಯಿಂದ ವಿಜಯಪುರದ ಹೆದ್ದಾರಿ ಹಿಡಿದು ನವಲಗುಂದ, ನರಗುಂದಗಳನ್ನು ದಾಟಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ಹಾಯ್ದು ಮುಂದೆ ಬಂದರೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ಬಲಕ್ಕೆ ತಿರುಗುತ್ತಾರೆ. ಕೆರೂರು, ಬಾಗಲಕೋಟೆಯ ಕಡೆಯವರು ನೇರ ಸಾಗುತ್ತಾರೆ. ಚಹಾದಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ದೇಶದ ವಾಹನೋದ್ಯಮದ ಮೂರು ದಶಕಗಳ ಚರಿತ್ರೆ ಕಣ್ಣೆದುರು ಹಾದುಹೋಗುತ್ತದೆ. ಜನರನ್ನು ತುಂಬಿಕೊಂಡ ಕ್ರೂಸರ್, ಟಂಟಂ, ವಾಯವ್ಯ ಸಾರಿಗೆಯ ಕೆಂಪು ಬಸ್ಸು, ಕಬ್ಬಿನ ಟ್ರ್ಯಾಕ್ಟರ್, ಹೊಳೆಯುವ ಹೊಸ ಎಸ್‌ಯುವಿ. ಅವುಗಳ ನಡುವೆ ಒಮ್ಮೊಮ್ಮೆ ಬಣ್ಣ ಮಾಸಿದ ಒಂದು ಬಿಳಿ ಕ್ವಾಲಿಸ್.

ಈ ಕ್ವಾಲಿಸ್‌ನ ತವರು ಬಿಡದಿ. ಟೊಯೊಟಾ ಕಿರ್ಲೋಸ್ಕರ್ ಮೋಟರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಯಲ್ಲಿ ತಯಾರಿಕೆ ಆರಂಭಿಸಿದಾಗ ಮೊದಲು ಹೊರಬಂದ ವಾಹನ ಅದು. 2005ರಲ್ಲಿ ಇನ್ನೋವಾ ಅದರ ಸ್ಥಾನಕ್ಕೆ ಬಂತು. ಅಂದರೆ ನಾವು ನೋಡುವ ಪ್ರತಿ ಕ್ವಾಲಿಸ್‌ಗೂ ಕನಿಷ್ಠ 20 ವರ್ಷ. ಬೆಂಗಳೂರಿನಲ್ಲಿ ಕಂಪನಿಯೊಂದರ ನೌಕರರನ್ನು ಹೊತ್ತು, ಅನಂತರ ಹುಬ್ಬಳ್ಳಿಯ ಟ್ಯಾಕ್ಸಿಯಾಗಿ, ಮೂರನೆಯ ಅಥವಾ ನಾಲ್ಕನೆಯ ಮಾಲೀಕನ ಕೈಯಲ್ಲಿ ಇಲ್ಲಿಗೆ ಬಂದು ನಿಂತಿರುವ ಇಂಥ ವಾಹನವನ್ನು ಯಾವ ಕಂಪನಿಯ ಪರಿಸರ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಬಿಡದಿಯ ಕಾರ್ಖಾನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಳೆನೀರು ಸಂಗ್ರಹ, ಬಳಸಿದ ನೀರಿನ ಮರುಬಳಕೆ, ಆವರಣದೊಳಗೆ ಬೆಳೆಸಿದ ಕಾಡು, ಇವೆಲ್ಲ ಅಲ್ಲಿ ಇವೆ. 2021ರಿಂದ ಕಾರ್ಖಾನೆಯ ವಿದ್ಯುತ್ತೆಲ್ಲ ನವೀಕರಿಸಬಹುದಾದ ಮೂಲಗಳದೇ ಎಂದು ಕಂಪನಿ ಹೇಳಿಕೊಂಡಿದೆ. ಇದು ಸಣ್ಣ ಸಾಧನೆಯಲ್ಲ. ಕಾರು ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿಯನ್ನು ನುಂಗುವುದು ಬಣ್ಣ ಬಳಿಯುವ ವಿಭಾಗ. ಕವಚವನ್ನು ತೊಳೆದು, ರಾಸಾಯನಿಕದಲ್ಲಿ ಅದ್ದಿ, ಪದರ ಪದರವಾಗಿ ಬಣ್ಣ ಹಾಕಿ, ಪ್ರತಿ ಪದರವನ್ನೂ ದೊಡ್ಡ ಒಲೆಗಳಲ್ಲಿ ಒಣಗಿಸಬೇಕು. ಹಳೆಯ ಬಣ್ಣಗಳಿಂದ ಆವಿಯಾಗುವ ದ್ರಾವಕಗಳು ಗಾಳಿಗೆ ಸೇರುತ್ತವೆ. ತೊಳೆದ ನೀರಿನಲ್ಲಿ ಲೋಹಾಂಶದ ಕೆಸರು ಉಳಿಯುತ್ತದೆ. ನೀರು ಆಧಾರಿತ ಬಣ್ಣಕ್ಕೆ ಬದಲಾಗುವುದು, ಪದರಗಳನ್ನು ಕಡಿಮೆ ಮಾಡುವುದು, ಒಲೆಯ ಬಿಸಿಯನ್ನು ಮರಳಿ ಬಳಸುವುದು ಇಂದು ಎಲ್ಲರಿಗೂ ಗೊತ್ತಿರುವ ಉಪಾಯಗಳು. ಇವುಗಳಿಂದ ಕಂಪನಿಗೆ ಹಣವೂ ಉಳಿಯುತ್ತದೆ. ಆದ್ದರಿಂದ ಗೇಟಿನೊಳಗಿನ ಸುಧಾರಣೆಗೆ ಹೆಚ್ಚು ಒತ್ತಾಯದ ಅಗತ್ಯವಿಲ್ಲ.

ಗೇಟಿನ ಹೊರಗೆ ಕಥೆ ಬೇರೆಯೇ ಆಗುತ್ತದೆ. ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉಕ್ಕಿನದು. ಕಲ್ಲಿದ್ದಲಿನ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಂಡೂರು, ಹೊಸಪೇಟೆಗಳ ಗುಡ್ಡಗಳಿಗೆ ಅದಿರು ಏನು ಮಾಡಿತೆಂಬುದನ್ನು ಲೋಕಾಯುಕ್ತ ವರದಿಗಳೂ, 2011ರಲ್ಲಿ ಸುಪ್ರೀಂ ಕೋರ್ಟ್ ಹೇರಿದ ಗಣಿಗಾರಿಕೆ ನಿಷೇಧವೂ ನಮಗೆ ನೆನಪಿಸಿವೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಎಂಬುದೂ ಹಳೆಯ ಸುದ್ದಿಯೇ. ಬೋಲ್ಟು, ಬ್ರಾಕೆಟ್ಟುಗಳಿಗೆ ಲೇಪ ಹಾಕುವ ಕೆಲಸ ನಡೆಯುವುದು ಇಂಥ ಪ್ರದೇಶಗಳ ಸಣ್ಣ ಘಟಕಗಳಲ್ಲಿ. ದೊಡ್ಡ ಕಂಪನಿಯ ಅಂಗಳ ಸ್ವಚ್ಛವಾಗಿರುವುದಕ್ಕೆ ಒಂದು ಕಾರಣ, ಅದರ ಕೊಳೆ ಕೆಲಸವನ್ನು ಬೇರೆಯವರ ಅಂಗಳಕ್ಕೆ ವಹಿಸಿರುವುದು. ಯಾವ ಉಕ್ಕು ಕೊಳ್ಳಬೇಕು, ಯಾವ ಲೇಪ ಬೇಡ ಎಂದು ತೀರ್ಮಾನಿಸುವ ಶಕ್ತಿ ಖರೀದಿದಾರನ ಕೈಯಲ್ಲಿದೆ. ಸೀಸ, ಪಾದರಸ, ಕ್ಯಾಡ್ಮಿಯಂ ಮತ್ತು ವಿಷಕಾರಿ ಕ್ರೋಮಿಯಂಗಳನ್ನು ವಾಹನಗಳಿಂದ ಹೊರಗಿಡಬೇಕೆಂದು ಐರೋಪ್ಯ ಒಕ್ಕೂಟ 2000ದಲ್ಲಿಯೇ ನಿರ್ದೇಶನ ಹೊರಡಿಸಿದಾಗ ಜಗತ್ತಿನ ಎಲ್ಲ ಪ್ರಮುಖ ತಯಾರಕರೂ ತಮ್ಮ ಸರಬರಾಜುದಾರರನ್ನು ದಾರಿಗೆ ತಂದರು. ರಫ್ತಿಗೆ ಸಾಧ್ಯವಾದದ್ದು ಪೀಣ್ಯಕ್ಕೆ ಸಾಧ್ಯವಾಗದೇ?

ಇನ್ನು ರಸ್ತೆಯ ಮೇಲಿನ ಹೊಗೆ. ಪೆಟ್ರೋಲ್ ಅಥವಾ ಡೀಸೆಲ್ ವಾಹನದ ಇಡೀ ಆಯುಷ್ಯದ ಇಂಗಾಲದಲ್ಲಿ ಬಹುಪಾಲು ಹೊರಬೀಳುವುದು ಅದು ಓಡುವಾಗಲೇ ಹೊರತು ಅದನ್ನು ತಯಾರಿಸುವಾಗ ಅಲ್ಲ. ಕಾರ್ಖಾನೆಯ ಸೌರಫಲಕಗಳ ಛಾಯಾಚಿತ್ರ ನೋಡುವಾಗ ಈ ಒಂದು ಸಂಗತಿಯನ್ನು ಮರೆಯಬಾರದು. 2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ಜಾರಿಗೆ ಬಂತು. ಐದನೆಯ ಮೆಟ್ಟಿಲನ್ನು ಹತ್ತದೆಯೇ ಆರಕ್ಕೆ ಹಾರಿದ ನಿರ್ಧಾರ ಅದು. ಆರಂಭದಲ್ಲಿ ಅಸಾಧ್ಯವೆಂದ ತಯಾರಕರೇ ಕೊನೆಗೆ ಸಾಧಿಸಿ ತೋರಿಸಿದರು. ಡೀಸೆಲ್ ಕಾರಿನ ಮಸಿಕಣದ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಇಂಥ ಜಿಗಿತ ಕಂಪನಿಗಳ ಸದ್ಭಾವನೆಯೊಂದರಿಂದಲೇ ಬರುತ್ತಿತ್ತೆಂದು ನಾನು ನಂಬುವುದಿಲ್ಲ.

ಫೋಕ್ಸ್‌ವ್ಯಾಗನ್ ಪ್ರಕರಣ ನೆನಪಿರಬಹುದು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾತ್ರ ಶುದ್ಧವಾಗಿ ಉಸಿರಾಡುವಂತೆ ಎಂಜಿನ್ನಿಗೆ ತಂತ್ರಾಂಶ ಅಳವಡಿಸಿದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ವಿಶ್ವದಾದ್ಯಂತ ಸುಮಾರು 1.1 ಕೋಟಿ ವಾಹನಗಳು. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 500 ಕೋಟಿ ರೂಪಾಯಿ ದಂಡ ವಿಧಿಸಿತು. ನಮ್ಮಲ್ಲಿ ಅಂಥ ವಂಚನೆಗೆ ತಂತ್ರಾಂಶದ ಅಗತ್ಯವೂ ಇಲ್ಲ. ಹೆದ್ದಾರಿ ಬದಿಯ ಹೊಗೆ ತಪಾಸಣೆಯಲ್ಲಿ ಡೀಸೆಲ್ ವಾಹನದ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ. ಫೋಕ್ಸ್‌ವ್ಯಾಗನ್ ಬಚ್ಚಿಟ್ಟ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ.

ಬಿಎಸ್-6 ವಾಹನದ ಹೊಗೆ ನಿಯಂತ್ರಣ ಸಲಕರಣೆ ಸೂಕ್ಷ್ಮವಾದದ್ದು. ಮಸಿ ಹಿಡಿಯುವ ಸೋಸಕವಿದೆ, ಲಾರಿ ಬಸ್ಸುಗಳಲ್ಲಿ ಯೂರಿಯಾ ದ್ರಾವಣದ ಟ್ಯಾಂಕಿದೆ, ಹಲವು ಸೆನ್ಸರುಗಳಿವೆ. ಕಾರಿನಲ್ಲಿ ಇವು 1.6 ಲಕ್ಷ ಕಿಲೋಮೀಟರ್ ತನಕ ತಾಳಿಕೆ ಬರಬೇಕೆಂದು ನಿಯಮ ಹೇಳುತ್ತದೆ. ಬಾಡಿಗೆಗೆ ಓಡುವ ಗಾಡಿ ಅಷ್ಟು ದೂರವನ್ನು ಕೆಲವೇ ವರ್ಷಗಳಲ್ಲಿ ಮುಗಿಸುತ್ತದೆ. ಅನಂತರ ಸೋಸಕ ಕಟ್ಟಿಕೊಂಡರೆ ಮೂರನೆಯ ಮಾಲೀಕ ಏನು ಮಾಡಬೇಕು? ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದರೆ ಹೊಸ ಭಾಗದ ಬೆಲೆ ಕೇಳಿ ಎದೆ ಒಡೆಯುತ್ತದೆ. ಅದನ್ನು ಕಿತ್ತೆಸೆದು ಸೈಲೆನ್ಸರ್ ಬೆಸೆದುಕೊಡುವ ಗ್ಯಾರೇಜು ಅಲ್ಲೇ ಹತ್ತಿರದಲ್ಲಿದೆ. ಮರುದಿನ ಗಾಡಿ ಓಡುತ್ತದೆ, ದುಡಿಮೆ ನಡೆಯುತ್ತದೆ. ತಪ್ಪು ಯಾರದು? ಚಾಲಕನದೆಂದು ಹೇಳುವುದು ಸುಲಭ. ವಾಹನ 20 ವರ್ಷ ಓಡುತ್ತದೆಂದು ತಿಳಿದೂ, ಅದರ ಶ್ವಾಸಕೋಶಕ್ಕೆ ಮಾತ್ರ ಅಲ್ಪಾಯುಷ್ಯ ಕೊಟ್ಟವರದೂ ತಪ್ಪು ಎಂದು ನನಗೆ ಅನ್ನಿಸುತ್ತದೆ. ಹೊಗೆ ನಿಯಂತ್ರಣದ ಭಾಗಗಳಿಗೆ ದೀರ್ಘ ವಾರಂಟಿ, ಹಳೆಯದನ್ನು ಕೊಟ್ಟು ಪುನರ್ನಿರ್ಮಿತ ಭಾಗವನ್ನು ಕಡಿಮೆ ಬೆಲೆಗೆ ಪಡೆಯುವ ವ್ಯವಸ್ಥೆ, ಹೊರಗಿನ ಮೆಕ್ಯಾನಿಕರಿಗೂ ತಾಂತ್ರಿಕ ಮಾಹಿತಿ, ಇವಿಷ್ಟನ್ನು ತಯಾರಕ ಕೊಟ್ಟರೆ ಉಳಿಯುವ ಹೊಗೆ ಬಿಡದಿಯ ಕಾಡು ಹೀರುವುದಕ್ಕಿಂತ ಬಹಳ ದೊಡ್ಡದು. ಇದರಲ್ಲಿ ಹೊಸತೇನೂ ಇಲ್ಲ. ರೆನೋ ಕಂಪನಿ 1949ರಿಂದಲೇ ಪ್ಯಾರಿಸ್ ಹತ್ತಿರದ ಶ್ವಾಸಿ-ಲೆ-ರುವಾದಲ್ಲಿ ಹಳೆಯ ಎಂಜಿನ್, ಗೇರ್‌ಬಾಕ್ಸುಗಳನ್ನು ಪುನರ್ನಿರ್ಮಿಸಿ ಮಾರಿತು. ಟಾಟಾ ಮೋಟರ್ಸ್ ಕೂಡ ಪ್ರೋಲೈಫ್ ಹೆಸರಿನಲ್ಲಿ ಇಂಥ ವಹಿವಾಟು ನಡೆಸಿದೆ.

ಕಂಪನಿಗಳು ಹೆಚ್ಚು ಮಾತಾಡಲು ಬಯಸದ ಇನ್ನೊಂದು ವಿಷಯ ತೂಕ. ಇಂದು ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಮಾದರಿಯವು. ಪ್ರತಿ ಕಂಪನಿಯ ಕಾರುಗಳ ಸರಾಸರಿ ಇಂಗಾಲದ ಹೊಗೆಗೆ ಮಿತಿ ಹಾಕುವ ನಿಯಮ 2017ರಿಂದ ಇದೆ, ನಿಜ. ಆದರೆ ಆ ಮಿತಿಯನ್ನು ವಾಹನದ ತೂಕಕ್ಕೆ ಜೋಡಿಸಲಾಗಿದೆ. ಭಾರದ ಕಾರು ಮಾಡುವವನಿಗೆ ಸಡಿಲ ಗುರಿ, ಹಗುರ ಕಾರು ಮಾಡುವವನಿಗೆ ಬಿಗಿ ಗುರಿ. ಬೊಜ್ಜು ಬಂದವನಿಗೆ ಹೆಚ್ಚು ಊಟ ಬಡಿಸುವ ಈ ನಿಯಮವನ್ನು ರೂಪಿಸಿದವರ ತರ್ಕ ನನಗಂತೂ ಅರ್ಥವಾಗಿಲ್ಲ. ಇಬ್ಬರು ಕುಳಿತು ಬಾದಾಮಿ ನೋಡಲು ಹೋಗುವುದಕ್ಕೆ ಸುಮಾರು ಎರಡು ಟನ್ ಲೋಹ ಬೇಕೇ ಎಂದು ಗ್ರಾಹಕರಾದ ನಾವೂ ಕೇಳಿಕೊಳ್ಳಬೇಕು. ಆದರೆ ಜಾಹೀರಾತು ಬರೆಸುವವರು ನಾವಲ್ಲ.

ವಿದ್ಯುತ್ ವಾಹನ ಬಂದರೆ ಎಲ್ಲವೂ ಪರಿಹಾರವಾಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಬಹಳಷ್ಟು ಆಗುತ್ತದೆ, ಎಲ್ಲವೂ ಅಲ್ಲ. ಸಾರಿಗೆ ಅಧ್ಯಯನದ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಟಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಭಾರತದಲ್ಲಿ ಮಧ್ಯಮ ಗಾತ್ರದ ವಿದ್ಯುತ್ ಕಾರಿನ ಇಡೀ ಆಯುಷ್ಯದ ಹೊರಸೂಸುವಿಕೆ ಪೆಟ್ರೋಲ್ ಕಾರಿಗಿಂತ ಶೇ 19ರಿಂದ 34ರಷ್ಟು ಕಡಿಮೆ. ಯುರೋಪಿನಲ್ಲಿ ಈ ಅಂತರ ಶೇ 66ಕ್ಕೂ ಹೆಚ್ಚು. ವ್ಯತ್ಯಾಸಕ್ಕೆ ಮುಖ್ಯ ಕಾರಣ ಕಲ್ಲಿದ್ದಲು. ಕುಳಗೇರಿ ಕ್ರಾಸಿನಿಂದ ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ ಕೃಷ್ಣೆಯನ್ನು ದಾಟಿದರೆ ವಿಜಯಪುರ ಜಿಲ್ಲೆಯಲ್ಲಿ ಕೂಡಗಿಯ 2,400 ಮೆಗಾವಾಟ್ ಶಾಖೋತ್ಪನ್ನ ಸ್ಥಾವರವಿದೆ. ದಕ್ಷಿಣಕ್ಕೆ ಹೋದರೆ ಗದಗದ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಈ ಎರಡರಲ್ಲಿ ಯಾವುದರ ವಿದ್ಯುತ್ ಬ್ಯಾಟರಿಗೆ ತುಂಬುತ್ತದೆ ಎನ್ನುವುದರ ಮೇಲೆ ವಾಹನದ ಶುದ್ಧಿ ನಿಂತಿದೆ. ಕಾರ್ಖಾನೆಗೆ ಗಾಳಿ, ಸೂರ್ಯರ ವಿದ್ಯುತ್ ಕೊಳ್ಳಬಲ್ಲ ಕಂಪನಿ ತಾನು ಸ್ಥಾಪಿಸುವ ಚಾರ್ಜಿಂಗ್ ಕೇಂದ್ರಗಳಿಗೂ ಅದನ್ನೇ ಕೊಳ್ಳಬಹುದು. ಮೊದಲ ದೇಶೀಯ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂದದ್ದು ಬೆಂಗಳೂರಿನಿಂದ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಿರುವಾಗ ಈ ನಾಡಿನ ಹೆದ್ದಾರಿಗಳು ಇದರಲ್ಲಿಯೂ ಮುಂದಿರಲಿ ಎಂದು ಬಯಸುವುದು ದುರಾಸೆಯಲ್ಲ.

ತಯಾರಕ ತನ್ನ ಹೊಣೆಯನ್ನು ಗೇಟಿನಾಚೆ ಹೊತ್ತ ಉದಾಹರಣೆಯೂ ನಮ್ಮಲ್ಲಿಯೇ ಇದೆ. 2022ರಲ್ಲಿ ಬಿಎಂಟಿಸಿ 921 ವಿದ್ಯುತ್ ಬಸ್ಸುಗಳಿಗಾಗಿ ಟಾಟಾ ಮೋಟರ್ಸ್‌ನ ಅಂಗಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರಂತೆ ಬಸ್ಸನ್ನು ಪೂರೈಸಿ ಕೈತೊಳೆದುಕೊಳ್ಳುವಂತಿಲ್ಲ. 12 ವರ್ಷ ಅದನ್ನು ನಡೆಸಿ, ನಿರ್ವಹಿಸಬೇಕಾದದ್ದೂ ಅದೇ ಸಂಸ್ಥೆ. ಹಣ ಸಿಗುವುದು ಓಡಿದ ಕಿಲೋಮೀಟರಿಗೆ. ಬಸ್ಸು ಬೇಗ ಕೆಟ್ಟರೆ, ಬ್ಯಾಟರಿ ಬೇಗ ಸತ್ತರೆ, ವಿದ್ಯುತ್ ಹೆಚ್ಚು ತಿಂದರೆ ನಷ್ಟ ತಯಾರಕನದೇ. ಆಗ ಬಾಳಿಕೆಯೂ ಮಿತವ್ಯಯವೂ ವ್ಯಾಪಾರದ ಲಾಭವಾಗುತ್ತವೆ. ಚಾಲಕರ ಸಂಬಳ, ಉದ್ಯೋಗ ಭದ್ರತೆಯ ಬಗೆಗೆ ಈ ಪದ್ಧತಿಯಲ್ಲಿ ಗಂಭೀರ ಪ್ರಶ್ನೆಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಆದರೂ ಪರಿಸರದ ದೃಷ್ಟಿಯಿಂದ ನಾನು ಕಂಡ ಅತ್ಯಂತ ಪ್ರಾಮಾಣಿಕ ಏರ್ಪಾಡು ಇದು. ಟಾಟಾ ಮತ್ತು ಬ್ರೆಜಿಲಿನ ಮಾರ್ಕೊಪೊಲೊ 2006ರಲ್ಲಿ ಕೂಡಿ ಕಟ್ಟಿದ ಬಸ್ಸಿನ ಕಾರ್ಖಾನೆ, ಈಗ ಪೂರ್ತಿ ಟಾಟಾದ್ದು, ಧಾರವಾಡದಲ್ಲಿದೆ. ಅದರ ಬಾಗಿಲಿನಿಂದ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿಯಿರುವ ಹುಬ್ಬಳ್ಳಿ ಎಷ್ಟು ದೂರ?

ಕೊನೆಯದಾಗಿ ಗುಜರಿ. 2025ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರದ ಹೊಸ ನಿಯಮಗಳಂತೆ, ಆಯುಷ್ಯ ಮುಗಿದ ವಾಹನಗಳ ಹೊಣೆ ತಯಾರಕರದು. ಖಾಸಗಿ ವಾಹನಕ್ಕೆ 20, ಬಾಡಿಗೆ ವಾಹನಕ್ಕೆ 15 ವರ್ಷವೆಂದು ಲೆಕ್ಕ ಹಿಡಿದು, ಅಂದು ಮಾರಿದ ವಾಹನಗಳಲ್ಲಿದ್ದ ಉಕ್ಕಿನ ಕನಿಷ್ಠ ಶೇ 8ರಷ್ಟು ಈಗ ಮರಳಿ ಸಿಗುವಂತೆ ಮಾಡಬೇಕು. 2030ರ ನಂತರ ಶೇ 13, 2035ರ ನಂತರ ಶೇ 18. ಅಂದರೆ ಖಾಸಗಿ ವಾಹನಗಳ ಲೆಕ್ಕ ಆರಂಭವಾಗುವುದು 2005-06ರಿಂದ; ನಮ್ಮ ಬಿಳಿ ಕ್ವಾಲಿಸ್ ಅದಕ್ಕೂ ಮೊದಲೇ ಹುಟ್ಟಿದ ತಪ್ಪಿಗೆ ಆ ಗುರಿಯೊಳಗೆ ಬರುವುದೇ ಇಲ್ಲ. ಮೇಲಾಗಿ ಅಧಿಕೃತ ಗುಜರಿ ಕೇಂದ್ರಗಳಿಂದ ಪ್ರಮಾಣಪತ್ರ ಕೊಂಡರೆ ಕಂಪನಿಯ ಹೊಣೆ ತೀರುತ್ತದೆ. ಅಂಥ ಕೇಂದ್ರ ಮಹಾನಗರದ ಅಂಚಿನಲ್ಲಿದ್ದರೂ ಲೆಕ್ಕ ಸರಿಹೋಗುತ್ತದೆ. ಬಾಗಲಕೋಟೆಯ ಹಳೆಯ ಗಾಡಿ ಮಾತ್ರ ಎಂದಿನಂತೆ ರಸ್ತೆಬದಿಯಲ್ಲಿಯೇ ಬಿಚ್ಚಲ್ಪಡುತ್ತದೆ. ಎಂಜಿನ್ ಆಯಿಲ್ ಮಣ್ಣಿಗೆ, ಏಸಿಯ ಅನಿಲ ಗಾಳಿಗೆ, ಸೀಸದ ಬ್ಯಾಟರಿ ಯಾವುದೋ ಗುಡಿಸಲಿನ ಕುಲುಮೆಗೆ.

ತಯಾರಕರಿಗೆ ಜಿಲ್ಲಾ ಕೇಂದ್ರಗಳಲ್ಲಿ ಷೋರೂಮುಗಳಿವೆ. ಹೊಸ ವಾಹನವನ್ನು ಹಳ್ಳಿಯ ಬಾಗಿಲಿಗೆ ತಲುಪಿಸುವ ಜಾಲವಿದೆ, ಸಾಲ ಕೊಡಿಸುವ ಏಜೆಂಟರಿದ್ದಾರೆ. ಅದೇ ಜಾಲದ ಮೂಲಕ ಹಳೆಯ ಗಾಡಿಯನ್ನು ಗುಜರಿಯವನಿಗಿಂತ ಒಂದಿಷ್ಟು ಹೆಚ್ಚು ಬೆಲೆ ಕೊಟ್ಟು ಮರಳಿ ಪಡೆಯಬಹುದು. ಗಾಡಿ ಬಿಚ್ಚುವ ಕಸುಬು ಬಲ್ಲ ಸ್ಥಳೀಯ ಮೆಕ್ಯಾನಿಕರಿಗೆ ತರಬೇತಿ ಕೊಟ್ಟು ಅವರನ್ನೇ ಈ ಕೆಲಸಕ್ಕೆ ನೇಮಿಸಬಹುದು. ಗುರಿಯನ್ನು ಜಿಲ್ಲಾವಾರು ನಿಗದಿಪಡಿಸಲು ನಿಯಮಕ್ಕೆ ಒಂದು ತಿದ್ದುಪಡಿ ಸಾಕು. ರಾಜ್ಯ ಸರ್ಕಾರ ಅದನ್ನು ಕೇಂದ್ರದಿಂದ ಕೇಳಿ ಪಡೆಯಬೇಕು. ಬಿಡದಿ, ಧಾರವಾಡ, ನರಸಾಪುರ, ಮೈಸೂರುಗಳಲ್ಲಿ ಈ ಕಂಪನಿಗಳಿಗೆ ಭೂಮಿ, ನೀರು, ತೆರಿಗೆ ರಿಯಾಯಿತಿ ಕೊಡುವಾಗ ಹಾಕಲಾಗದ ಈ ಷರತ್ತನ್ನು ಮುಂದಿನ ವಿಸ್ತರಣೆಯ ಕಡತ ಮೇಜಿಗೆ ಬಂದಾಗಲಾದರೂ ಹಾಕಬಹುದು.