ಸೇತುವೆ ಆಯ್ತು, ಇನ್ನು ತುಮರಿ ಆಸ್ಪತ್ರೆ ಕಥೆ ಏನು?

ತುಮರಿ: ರಾತ್ರಿ ಎಂಟು ಗಂಟೆಗೆ ಎದೆನೋವು ಬಂದರೆ ಏನು ಮಾಡೋದು? ಕರೂರು-ಬಾರಂಗಿ ಭಾಗದ ಮನೆಗಳಲ್ಲಿ ಈ ಪ್ರಶ್ನೆಗೆ ಸುಮಾರು ಅರವತ್ತು ವರ್ಷ ಒಂದೇ ಉತ್ತರ ಇತ್ತು: ಬೆಳಿಗ್ಗೆ ಲಾಂಚ್ ಬರುವವರೆಗೆ ಕಾಯೋದು. ಕಾಯಲು ಆಗದವರು ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಸಾಗರ ಸೇರಬೇಕಿತ್ತು, ಇಲ್ಲವೇ ಘಾಟಿ ಇಳಿದು ಕುಂದಾಪುರದ ಕಡೆ ಹೋಗಬೇಕಿತ್ತು. ಹೆರಿಗೆ ದಿನ ಹತ್ತಿರ ಬಂದ ಹೆಣ್ಣುಮಕ್ಕಳನ್ನು ವಾರ ಮೊದಲೇ ಸಾಗರದ ನೆಂಟರ ಮನೆಗೆ ಕಳಿಸಿದ್ದು ಹಿನ್ನೀರಿನ ಆಚೆಯವರಿಗೆ ಹೊಸ ಕಥೆ ಏನಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡೂ ಕಾಲು ಕಿಲೋಮೀಟರ್‌ಗೂ ಉದ್ದ, 470 ಕೋಟಿ ರೂಪಾಯಿಗೂ ಮಿಕ್ಕಿ ಖರ್ಚು, ಸಿಗಂದೂರು ಚೌಡೇಶ್ವರಿಯ ಹೆಸರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ ದಾರಿಗಳು ಮುಳುಗಿದ ಮೇಲೆ ಮೊದಲ ಸಲ ಈ ಭಾಗದ ಜನ ಹಗಲು ರಾತ್ರಿ ನೋಡದೆ ಹೊಳೆ ದಾಟುವ ಹಾಗಾಯಿತು. ಇಡೀ ರಾಜ್ಯಕ್ಕೆ ಕರೆಂಟ್ ಕೊಟ್ಟ ನೀರು, ತನ್ನ ದಡದವರಿಗೇ ಚಿಮಣಿ ದೀಪ ಉಳಿಸಿದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಅಂಥವರ ಕಣ್ಣಲ್ಲಿ ಅವತ್ತು ನೀರು ಬಂದಿದ್ದರೆ ಆಶ್ಚರ್ಯ ಇಲ್ಲ.

ಈಗ ಬಂದಿರುವುದು ಬೇರೆ ವಾದ. ತುಮರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೇಲ್ದರ್ಜೆಗೆ ಏರಿಸಿ, ಸಮುದಾಯ ಆರೋಗ್ಯ ಕೇಂದ್ರ ಮಾಡಿ ಎಂಬುದು ಇಲ್ಲಿನವರ ಹಳೇ ಬೇಡಿಕೆ. ಸೇತುವೆ ಆದ ಮೇಲೆ ಅದಕ್ಕೆ ಸಿಗಬಹುದಾದ ಸುಲಭದ ಉತ್ತರ ಎಂದರೆ, “ಇನ್ನೇನು, ಸಾಗರ ಹತ್ತಿರ ಆಯ್ತಲ್ಲ, ಅಲ್ಲಿಗೇ ಹೋಗಿ.” ಕೇಳಲು ಸರಿ ಅನ್ನಿಸುತ್ತದೆ. ಸ್ವಲ್ಪ ಲೆಕ್ಕ ಹಾಕಿದರೆ ಅಷ್ಟು ಸರಿ ಅಲ್ಲ.

ಲೆಕ್ಕ ಆಂಬುಲೆನ್ಸ್‌ನಿಂದ ಶುರು ಮಾಡೋಣ. ತುಮರಿಯಿಂದ ಸಾಗರ ನಲವತ್ತು ಕಿಲೋಮೀಟರ್ ಆಸುಪಾಸು. ಮಲೆನಾಡಿನ ತಿರುವಿನ ರಸ್ತೆ, ಮಳೆಗಾಲದ ರಾತ್ರಿ, ಮಂಜು ಎಲ್ಲಾ ಸೇರಿಸಿದರೆ ಒಂದು ಗಂಟೆ ಹಿಡಿಯುತ್ತದೆ. ಆದರೆ ಗಾಡಿ ಸಾಗರದಿಂದ ಹೊರಟು ಬರಬೇಕು ಅಂದ್ರೆ ಬರುವ ಒಂದು ಗಂಟೆಯನ್ನೂ ರೋಗಿಯ ಖಾತೆಗೇ ಬರೆಯಬೇಕು. ಬ್ಯಾಕೋಡು, ಕಟ್ಟಿನಕಾರು ಕಡೆಯವರಿಗೆ ಇನ್ನೂ ಹೆಚ್ಚು. ಅದೇ ಗಾಡಿ ತುಮರಿಯಲ್ಲೇ ನಿಂತಿದ್ದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಸೇತುವೆ ಉಳಿಸಿಕೊಟ್ಟ ಸಮಯವನ್ನು ಪೂರ್ತಿ ಅನುಭವಿಸಬೇಕಾದರೆ ಗಾಡಿ ಸೇತುವೆಯ ಈ ಕಡೆ ಇರಬೇಕು, ಆ ಕಡೆ ಅಲ್ಲ. 108 ಸೇವೆ ರಾಜ್ಯದಲ್ಲಿ ಶುರುವಾಗಿದ್ದು 2008ರ ನವೆಂಬರ್‌ನಲ್ಲಿ. ಕರೆ ಹೋಗಲು ಮೊದಲು ಸಿಗ್ನಲ್ ಬೇಕು ಅನ್ನುವುದು ಬೇರೆ ಮಾತು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಎಂಬ ಅಭಿಯಾನ ನಡೆದದ್ದು ಇದೇ ಹಿನ್ನೀರಿನ ಊರುಗಳಲ್ಲಿ.

ಇನ್ನು ಸರ್ಕಾರದ ಲೆಕ್ಕ. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಸಮುದಾಯ ಆರೋಗ್ಯ ಕೇಂದ್ರಕ್ಕೆ ಬಯಲಲ್ಲಿ 1,20,000, ಗುಡ್ಡಗಾಡಿನಲ್ಲಿ 80 ಸಾವಿರ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಸಾಗರ ತಾಲ್ಲೂಕಿನ ಜನಸಂಖ್ಯೆಯೇ ಸುಮಾರು 2 ಲಕ್ಷ. ತುಮರಿ, ಕುದರೂರು, ಚನ್ನಗೊಂಡ, ಎಸ್‌.ಎಸ್‌. ಭೋಗ್ ಪಂಚಾಯ್ತಿಗಳನ್ನು ಒಟ್ಟು ಸೇರಿಸಿದರೂ 80 ಸಾವಿರದ ಹತ್ತಿರ ಹೋಗುವುದಿಲ್ಲ. ಅಂದರೆ ತಲೆ ಎಣಿಸುವ ಲೆಕ್ಕದಲ್ಲಿ ತುಮರಿಗೆ 30 ಹಾಸಿಗೆಯ ಆಸ್ಪತ್ರೆ ಯಾವತ್ತೂ ಬರುವುದಿಲ್ಲ. ಅರ್ಜಿ ಎಷ್ಟೇ ಕೊಟ್ಟರೂ ಕಡತ ಈ ಸಂಖ್ಯೆಯ ಹತ್ತಿರ ಬಂದು ಕೂತುಬಿಡುತ್ತದೆ.

ಆದರೆ ಕೇಂದ್ರ ಸರ್ಕಾರದ ನಿಯಮದಲ್ಲೇ ಇನ್ನೊಂದು ಅಳತೆ ಇದೆ. ಆಯ್ದ ಗುಡ್ಡಗಾಡು, ಮರುಭೂಮಿ ಜಿಲ್ಲೆಗಳಲ್ಲಿ ಉಪಕೇಂದ್ರ ತೆರೆಯುವಾಗ ಜನಸಂಖ್ಯೆ ಬದಲು ಸಮಯ ನೋಡಬೇಕು, ಮನೆಯಿಂದ ನಡೆದರೆ 30 ನಿಮಿಷದಲ್ಲಿ ಚಿಕಿತ್ಸೆ ಸಿಗಬೇಕು ಎಂಬ ಮಾನದಂಡ. ಅದು ಉಪಕೇಂದ್ರಕ್ಕೆ ಮಾತ್ರ, ನಿಜ. ಆದರೂ ತಲೆ ಎಣಿಸುವ ಬದಲು ನಿಮಿಷ ಎಣಿಸಬಹುದು ಎಂದು ಸರ್ಕಾರವೇ ಒಪ್ಪಿದ ಹಾಗಾಯ್ತಲ್ಲ. ತುಮರಿಯವರು ವಾದ ಹೂಡುವುದಾದರೆ ಹೂಡಬೇಕಾದ್ದು ಇಲ್ಲಿ.

ಎಣಿಸುವ ತಲೆಗಳೂ ಈಗ ಮೊದಲಿನವಲ್ಲ. ದೀವರು, ಹವ್ಯಕರು, ಜೈನರು, ಹಸಲರು, ಕುಣಬಿಗಳು, ಪರಿಶಿಷ್ಟರು, ಮುಸ್ಲಿಮರು, ಕ್ರೈಸ್ತರು ಇರುವ ಹೋಬಳಿಗಳು ಇವು. ತೋಟದ ಮನೆಗೂ ಕಾಡಂಚಿನ ಕೇರಿಗೂ ಮೈಲಿಗಟ್ಟಲೆ ದೂರ. ಇವರ ಜೊತೆಗೆ ಹೊರಗಿಂದ ಬರುವವರು. ಮಂಗಳವಾರ, ಶುಕ್ರವಾರ, ರಜೆ ದಿನಗಳಲ್ಲಿ ಸಿಗಂದೂರಿಗೆ ಬರುವ ಭಕ್ತರು, ಹೋಂಸ್ಟೇಗೆ ಬರುವ ಬೆಂಗಳೂರಿನವರು, ಅಡಿಕೆ ಕೊಯ್ಲಿಗೆ, ಕಟ್ಟಡ ಕೆಲಸಕ್ಕೆ ಬರುವ ಕೂಲಿಗಳು. ಲಾಂಚ್ ಇದ್ದಾಗ ಒಂದು ಸಲಕ್ಕೆ ಇಷ್ಟೇ ಗಾಡಿ ಎಂಬ ಮಿತಿ ತಾನಾಗಿ ಇತ್ತು. ಈಗ ಆ ಮಿತಿ ಇಲ್ಲ. ಸಾಗರದಿಂದ ಸಿಗಂದೂರಿನ ಮೇಲೆ ಕೊಲ್ಲೂರಿಗೆ ಹೋಗುವವರಿಗೂ ಇದೇ ದಾರಿ. ಸೇತುವೆ ಅಗಲ ಇದೆ, ಅದರ ಆಚೆಗಿನ ಊರ ರಸ್ತೆಗಳು ಹಾಗಿಲ್ಲ. ಈ ಜನರಲ್ಲಿ ಒಬ್ಬರೂ ತುಮರಿಯ ಜನಗಣತಿಯಲ್ಲಿ ಇಲ್ಲ. ಬಿದ್ದರೆ, ಎಚ್ಚರ ತಪ್ಪಿದರೆ, ಬೈಕ್ ಜಾರಿದರೆ ಮಾತ್ರ ಬಂದು ನಿಲ್ಲುವುದು ತುಮರಿ ಆಸ್ಪತ್ರೆ ಬಾಗಿಲಲ್ಲೇ. ಅಂಗಡಿ, ಹೋಟೆಲ್‌ನವರಿಗೆ ಇದು ಅರ್ಥ ಮಾಡಿಸಬೇಕಿಲ್ಲ. ಯಾತ್ರಿಕರು ತಲೆಸುತ್ತು ಅಂದಾಗ ಮೊದಲು ಕುರ್ಚಿ, ನೀರು ಕೊಟ್ಟು “ಡಾಕ್ಟ್ರು ಎಲ್ಲಿದ್ದಾರೆ?” ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರೇ.

ಇಲ್ಲಿನವರಿಗೆ ಬರುವ ಕಾಯಿಲೆ, ಪೆಟ್ಟುಗಳೂ ಸ್ವಲ್ಪ ಬೇರೆ. ಕೊನೆ ಕೊಯ್ಯುವಾಗ, ಮದ್ದು ಹೊಡೆಯುವಾಗ ಅಡಿಕೆ ಮರದಿಂದ ಬಿದ್ದವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿಕೊಂಡು ಹೋದರೆ ಬೆನ್ನುಹುರಿಗೆ ಆದ ಪೆಟ್ಟು ದಾರಿಯಲ್ಲೇ ಇಮ್ಮಡಿ ಆಗಬಹುದು. ಬೇಕಾದ್ದು ದೊಡ್ಡ ಆಸ್ಪತ್ರೆ ಅಲ್ಲ. ಗಟ್ಟಿ ಹಲಗೆ, ಕುತ್ತಿಗೆ ಪಟ್ಟಿ, ಅದನ್ನು ಕಟ್ಟಲು ಗೊತ್ತಿರುವ ಒಬ್ಬರು.

ಹಾವು ಕಡಿತ ಇನ್ನೊಂದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಸಿಗುವ ಪ್ರತಿವಿಷದ ಔಷಧ ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮಲೆನಾಡಿನ ತೋಟಗಳಲ್ಲಿ ಇರುವ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಯಾರಿಗೆ ಇಂಜೆಕ್ಷನ್ ಕೊಡಬೇಕು, ಯಾರನ್ನು ಬರೀ ಗಮನಿಸಬೇಕು ಎಂದು ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ಇರುವ ಪರೀಕ್ಷೆಗೆ ಲಕ್ಷಗಟ್ಟಲೆ ಯಂತ್ರ ಬೇಡ. ಹೊಸ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ ತೆಗೆದು ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಪ್ಲಾಸ್ಟಿಕ್ ನಳಿಕೆ ಆಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಡೋಸ್ ಕೊಟ್ಟು ಆಮೇಲೆ ಮುಂದೆ ಕಳಿಸಬೇಕು ಎನ್ನುವುದೇ ಮಾರ್ಗಸೂಚಿ. ಔಷಧ ಕಪಾಟಿನಲ್ಲಿದ್ದು, ಕೊಡುವವರು ರಾತ್ರಿ ಇರದಿದ್ದರೆ ಆ ಕಪಾಟು ಸಾಗರದಲ್ಲಿದ್ದರೂ ಒಂದೇ, ತುಮರಿಯಲ್ಲಿದ್ದರೂ ಒಂದೇ.

ಮಂಗನಕಾಯಿಲೆಯನ್ನಂತೂ ಈ ಜಿಲ್ಲೆಗೆ ಯಾರೂ ಪರಿಚಯ ಮಾಡಿಸಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ, 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆಮನೆಗೆ ಹೊಕ್ಕು ಜೀವ ತೆಗೆಯಿತು. ಸೊಪ್ಪಿನ ಬೆಟ್ಟಕ್ಕೆ, ದರಗು ತರಲು ಹೋಗುವ ಕಾಲವೂ ಉಣುಗು ಹೆಚ್ಚುವ ಕಾಲವೂ ಒಂದೇ. ಹಳೇ ಲಸಿಕೆಯನ್ನು ಪರಿಣಾಮ ಸಾಲದು ಎಂದು 2022ರಲ್ಲಿ ನಿಲ್ಲಿಸಲಾಯಿತು, ಹೊಸದರ ಪ್ರಯೋಗ ಶುರುವಾಗಿದೆ. ನೇರ ಔಷಧ ಇಲ್ಲದ ಈ ಜ್ವರದಲ್ಲಿ ಉಳಿಯುವುದು ಬೇಗ ಗುರುತಿಸುವುದು, ಡೇಪಾ ಎಣ್ಣೆ ಹಂಚುವುದು, ಸತ್ತ ಮಂಗದ ಸುದ್ದಿ ತಕ್ಷಣ ತಲುಪಿಸುವುದು. ಮೂರೂ ನಡೆಯುವುದು ಆಶಾ ಕಾರ್ಯಕರ್ತೆಯ ಕಾಲ ಮೇಲೆ. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ 2025ರ ಜನವರಿಯಲ್ಲಿ ಅವರು ಹಗಲು ರಾತ್ರಿ ಕೂತಿದ್ದು 15 ಸಾವಿರ ಗೌರವಧನಕ್ಕೆ. ಸಿಕ್ಕಿದ್ದು ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ. ಸಾವಿರ ಜನಕ್ಕೆ ಒಬ್ಬ ಆಶಾ ಎಂಬ ನಿಯಮ ಬಯಲಿನ ಒಂದು ಬೀದಿಗೆ ಸಾಕು. ಇಲ್ಲಿ ಸಾವಿರ ಜನ ಅಂದ್ರೆ ಹಲವು ಗುಡ್ಡ, ಹಲವು ಹಳ್ಳ.

ಹಾಗಾದರೆ ಸಮುದಾಯ ಆರೋಗ್ಯ ಕೇಂದ್ರದ ಬೋರ್ಡ್ ಬಂದರೆ ಎಲ್ಲಾ ಸರಿ ಹೋಗುತ್ತದಾ? ಇಲ್ಲೂ ಸ್ವಲ್ಪ ಎಚ್ಚರ ಬೇಕು. ಆ ದರ್ಜೆಗೆ ಶಸ್ತ್ರಚಿಕಿತ್ಸಕರು, ಫಿಜಿಷಿಯನ್, ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಬೇಕು. ಕೇಂದ್ರ ಆರೋಗ್ಯ ಇಲಾಖೆಯ 2021-22ರ ಅಂಕಿಅಂಶದಂತೆ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರ ಪೈಕಿ ಶೇ. 80ರ ಹತ್ತಿರ ಕೊರತೆ. ತಾಲ್ಲೂಕು ಕೇಂದ್ರಗಳೇ ತಜ್ಞರಿಗೆ ಪರದಾಡುವಾಗ ತುಮರಿಗೆ ಅರಿವಳಿಕೆ ತಜ್ಞರು ಬಂದು ನೆಲೆಸುತ್ತಾರೆ ಎಂದು ನಂಬುವುದು ಕಷ್ಟ. ಅರಿವಳಿಕೆ ಕೊಡುವವರಿಲ್ಲದೆ ಸಿಸೇರಿಯನ್ ಇಲ್ಲ. ಬೋರ್ಡ್ ಬದಲಾಗಿ, ಬೀಗ ಹಾಕಿದ ಆಪರೇಷನ್ ಥಿಯೇಟರ್ ಒಂದು ಬಂದರೆ ಅದರಿಂದ ಯಾರಿಗೂ ಲಾಭ ಇಲ್ಲ. ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷದ ಗ್ರಾಮೀಣ ಸೇವೆ ಎಂಬ ಕಾನೂನು ರಾಜ್ಯದಲ್ಲಿ 2015ರಲ್ಲಿ ಜಾರಿಗೆ ಬಂತು. ಆದರೆ ವರ್ಷಕ್ಕೊಬ್ಬರು ಬಂದು ಹೋದರೆ ಊರಿನ ಬಿಪಿ, ಸಕ್ಕರೆ ಕಾಯಿಲೆಯವರ ಕಥೆ ಪ್ರತಿ ಸಲ ಮೊದಲಿಂದ ಹೇಳಬೇಕು. ವೈದ್ಯರು ಉಳಿಯುವ ಹಾಗೆ ವಾಸದ ಮನೆ, ಮಕ್ಕಳಿಗೆ ಶಾಲೆ, ಜೋಡಿ ವೈದ್ಯರಿದ್ದು ಪಾಳಿ ಹಂಚಿಕೊಳ್ಳುವ ಅವಕಾಶ, ಇವು ಕಟ್ಟಡಕ್ಕಿಂತ ಮುಖ್ಯ.

ಹಾಗಾಗಿ ಬೇಡಿಕೆಯನ್ನು ಚೂರು ತಿದ್ದಿಕೊಳ್ಳುವುದು ಒಳ್ಳೇದು ಅನ್ನಿಸುತ್ತದೆ. 24 ಗಂಟೆ ಪಾಳಿಯಲ್ಲಿ ಸ್ಟಾಫ್ ನರ್ಸ್‌ಗಳು, ಇಬ್ಬರು ವೈದ್ಯರು, ತುಮರಿಯಲ್ಲೇ ನಿಲ್ಲುವ 108, ಪ್ರತಿವಿಷ, ಇಸಿಜಿ, ಆಕ್ಸಿಜನ್, ಒಬ್ಬ ಲ್ಯಾಬ್ ಟೆಕ್ನಿಷಿಯನ್. ಇದಿಷ್ಟು ಇದ್ದರೆ ಇಲ್ಲಿ ಜೀವ ಹಿಡಿದಿಟ್ಟು ಮುಂದೆ ಕಳಿಸಬಹುದು. ಹೃದಯಾಘಾತ ಅಂತ ಇಸಿಜಿಯಲ್ಲಿ ತುಮರಿಯಲ್ಲೇ ಗೊತ್ತಾದರೆ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಉಚಿತವಾಗಿ ಕೊಟ್ಟಿರುವ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಮಯ ಮೀರುವ ಮೊದಲು ರೋಗಿ ತಲುಪಬಹುದು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದವರಿಗೆ ಆ ಸಮಯ ಸಿಗುವುದಿಲ್ಲ.

ಎಲ್ಲಿಗೆ ಕಳಿಸೋದು ಅನ್ನುವುದೂ ಸೇತುವೆ ತಂದ ಹೊಸ ಪ್ರಶ್ನೆ. ಸಾಗರದ ಉಪವಿಭಾಗೀಯ ಆಸ್ಪತ್ರೆ, ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ ದೂರದ ಶಿವಮೊಗ್ಗದ ಮೆಗ್ಗಾನ್ ಒಂದು ದಾರಿ. ಕೊಲ್ಲೂರು ಇಳಿದು ಕುಂದಾಪುರ, ಮಣಿಪಾಲ ಇನ್ನೊಂದು. ಚನ್ನಗೊಂಡ, ಬ್ಯಾಕೋಡು ಕಡೆಯ ಹಳಬರ ಕಾಲು ಈಗಲೂ ಕರಾವಳಿ ಕಡೆಗೇ ಎಳೆಯುತ್ತದೆ. ಇಲ್ಲಿ ಒಂದು ಕಾಗದದ ವಿಷಯ ನೆನಪಿಡಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ಒಂದೂವರೆ ಲಕ್ಷದವರೆಗೆ. ಆದರೆ ತುರ್ತು ಎಂದು ಪಟ್ಟಿ ಮಾಡಿದ ಚಿಕಿತ್ಸೆಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರೆಫರಲ್ ಇಲ್ಲದೆ ಸೀದಾ ಕರಾವಳಿಗೆ ಹೋಗಿ, ಆಮೇಲೆ ಬಿಲ್ ನೋಡಿ ಕಾಗದಕ್ಕಾಗಿ ವಾಪಸ್ ಓಡುವುದು ಯಾರಿಗೂ ಬೇಡ.

ಜಾತ್ರೆ ದಿನಗಳ ಮಾತು ಉಳಿದಿದೆ. ಸಂಕ್ರಾಂತಿಗೆ ಸಿಗಂದೂರಿನಲ್ಲಿ ಸೇರುವ ಜನಕ್ಕೆ ಆ ಎರಡು ದಿನ ಹೆಚ್ಚುವರಿ ವೈದ್ಯರು, ಆಂಬುಲೆನ್ಸ್ ಹಾಕಿಸುವುದು ತಾಲ್ಲೂಕು ಆಡಳಿತಕ್ಕೆ ದೊಡ್ಡ ಕೆಲಸ ಅಲ್ಲ. ವಾರದ ಜನಜಂಗುಳಿಗೆ ಮಾತ್ರ ಯಾರೂ ಪ್ರತ್ಯೇಕ ಆದೇಶ ಹೊರಡಿಸುವುದಿಲ್ಲ, ಅದು ಕಾಯಂ ಸಿಬ್ಬಂದಿಯ ತಲೆ ಮೇಲೇ ಬೀಳುತ್ತದೆ. ಹೊರಗಿನವರ ಚೀಟಿಗಳಿಗೆ ಊರಿನ ಹೆಸರು ಬರೆದು ಬೇರೆ ಲೆಕ್ಕ ಇಟ್ಟರೆ ಆರು ತಿಂಗಳಲ್ಲಿ ಒಂದು ಸಂಖ್ಯೆ ಕೈಗೆ ಬರುತ್ತದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ, ಅದರಲ್ಲಿ ಊರಿನವರಿಗೂ ಜಾಗ ಇದೆ. ಆ ಸಂಖ್ಯೆಯನ್ನು ಅಲ್ಲಿ ಓದಿಸಿ, ನಾಲ್ಕೂ ಪಂಚಾಯ್ತಿಗಳ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿದರೆ, 80 ಸಾವಿರದ ಹತ್ತಿರ ಕೂತ ಕಡತಕ್ಕೆ ಸೇರಿಸಲು ಹೊಸ ಹಾಳೆ ಒಂದು ಸಿಕ್ಕಂತಾಗುತ್ತದೆ.